ಯಂತ್ರಕ್ಕೆ ಒಲಿಯದ ಪೊರಕೆ ಜೋಳ

ಅಮೆರಿಕದ ಅಧ್ಯಕ್ಷರ ಮೇಜಿನ ಮೇಲೆ ಏನೇನೋ ಕಡತಗಳು ಬರುತ್ತವೆ. 1996ರ ನವೆಂಬರ್ 28ರಂದು ಬಿಲ್ ಕ್ಲಿಂಟನ್ ಸಹಿ ಹಾಕಿದ ಘೋಷಣೆಯ ವಿಷಯ ಮಾತ್ರ ಕಸ ಗುಡಿಸುವ ಪೊರಕೆ! ಮೆಕ್ಸಿಕೋ ಮತ್ತಿತರ ದೇಶಗಳಿಂದ ಬರುವ ಒಂದು ಬಗೆಯ ಪೊರಕೆಯ ಮೇಲೆ ಆಮದು ಸುಂಕ ಏರಿಸಿ ಹೊರಡಿಸಿದ ಆಜ್ಞೆ ಅದು. ಮೆಕ್ಸಿಕೋ ಸುಮ್ಮನಿರಲಿಲ್ಲ. ಎರಡೇ ವಾರಗಳಲ್ಲಿ ಅಮೆರಿಕದ ವೈನ್, ವಿಸ್ಕಿ, ಮರದ ಪೀಠೋಪಕರಣ, ನೋಟ್‌ಪುಸ್ತಕ, ಗಾಜು ಇತ್ಯಾದಿಗಳ ಮೇಲೆ ತಾನೂ ಸುಂಕ ಹೇರಿತು. ಉತ್ತರ ಅಮೆರಿಕ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದು ಆಗಿನ್ನೂ ಮೂರು ವರ್ಷ ತುಂಬಿರಲಿಲ್ಲ.

ಒಂದು ಪೊರಕೆಗಾಗಿ ಎರಡು ದೇಶಗಳು ಹೀಗೆ ಕಿತ್ತಾಡಿದ್ದೇಕೆ? ಇದಕ್ಕೆ ಉತ್ತರ ಬೇಕಾದರೆ ಇನ್ನೂರು ವರ್ಷ ಹಿಂದಕ್ಕೆ, ಒಂದು ಹೊಲಕ್ಕೆ ಹೋಗಬೇಕು. ಬಿತ್ತನೆಯಿಂದ ಒಕ್ಕಣೆಯವರೆಗೆ ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸಿದ ಅಮೆರಿಕದ ಕೃಷಿ, ಕೊನೆಯವರೆಗೂ ಕೈಯಿಂದಲೇ ಕೊಯ್ಯಬೇಕಾಗಿ ಬಂದ ಬೆಳೆ ಅಲ್ಲಿತ್ತು. ಅದರ ಹೆಸರು ಬ್ರೂಮ್‌ಕಾರ್ನ್. ಕನ್ನಡದಲ್ಲಿ ಪೊರಕೆ ಜೋಳ ಎನ್ನಬಹುದು.

ಜೋಳದ ದಾಯಾದಿ

ಹೆಸರಿನಲ್ಲಿ ‘ಕಾರ್ನ್’ ಇದ್ದರೂ ಇದು ಮೆಕ್ಕೆಜೋಳ ಅಲ್ಲ. ಉತ್ತರ ಕರ್ನಾಟಕದವರು ರೊಟ್ಟಿ ಬಡಿಯುವ ಬಿಳಿಜೋಳದ ಕುಲವೇ ಇದರದ್ದೂ. ಸಸ್ಯಶಾಸ್ತ್ರಜ್ಞರ ಲೆಕ್ಕದಲ್ಲಿ ಎರಡೂ ಒಂದೇ ಪ್ರಭೇದ, ಸೋರ್ಗಂ ಬೈಕಲರ್. ಆಫ್ರಿಕದಲ್ಲಿ ಹುಟ್ಟಿದ ಜೋಳ ಭಾರತಕ್ಕೆ ಬಂದು ಅನ್ನವಾಯಿತು. ಮೆಡಿಟರೇನಿಯನ್ ಕಡೆಗೆ ಹೋದ ಒಂದು ಕವಲು ಪೊರಕೆಯಾಯಿತು. (ಇಂಗ್ಲಿಷ್ ಪುಸ್ತಕಗಳಲ್ಲಿ ‘ಬ್ರೂಮ್‌ಕಾರ್ನ್ ಮಿಲೆಟ್’ ಎಂಬ ಹೆಸರೂ ಸಿಗುತ್ತದೆ. ಅದು ನಮ್ಮ ಬರಗು. ಅದು ಪೊರಕೆ ಜೋಳ ಅಲ್ಲ.)

ಬಿಜಾಪುರದ ಹೊಲದಲ್ಲಿ ನಿಂತ ಜೋಳದ ತೆನೆ ಮುಷ್ಟಿಯಂತೆ ಬಿಗಿಯಾಗಿ, ಕಾಳು ತುಂಬಿಕೊಂಡಿರುತ್ತದೆ. ಪೊರಕೆ ಜೋಳದ ತೆನೆಯಲ್ಲಿ ಕಾಳು ಕಡಿಮೆ, ಎಳೆ ಹೆಚ್ಚು. ದಂಟಿನ ತುದಿಯಿಂದ ಹತ್ತಾರು ತೆಳುವಾದ, ನೀಳವಾದ ಕಡ್ಡಿಗಳು ಚಿಮ್ಮಿ, ತುದಿಯಲ್ಲಷ್ಟೇ ಸಣ್ಣ ಬೀಜ ಹೊತ್ತು ಬಾಗುತ್ತವೆ. ಒಂದರಿಂದ ಎರಡು ಅಡಿ ಉದ್ದದ ಈ ಕಡ್ಡಿಗಳೇ ಬೆಳೆಯ ಫಲ. ಕಾಳೇನಿದ್ದರೂ ದನಕ್ಕೆ, ಕೋಳಿಗೆ. ಯಾರೋ ರೈತರು ತಲೆಮಾರುಗಳ ಕಾಲ ಉದ್ದ ಎಳೆಯ ತೆನೆಯನ್ನೇ ಆರಿಸಿ ಬೀಜಕ್ಕೆ ಇಟ್ಟುಕೊಂಡು ಬಂದಿದ್ದರಿಂದ ಆದ ತಳಿ ಇದು. 16ನೇ ಶತಮಾನದ ಕೊನೆಯ ಹೊತ್ತಿಗೆ ಇಟಲಿಯಲ್ಲಿ ಇದರಿಂದ ಪೊರಕೆ ಕಟ್ಟುತ್ತಿದ್ದರು.

ಅಮೆರಿಕಕ್ಕೆ ಇದನ್ನು ತಂದವರು ಬೆಂಜಮಿನ್ ಫ್ರಾಂಕ್ಲಿನ್ ಎಂಬ ಕತೆ ಅಲ್ಲಿ ಬಲು ಪ್ರಸಿದ್ಧ. ಹೊರದೇಶದಿಂದ ಬಂದ ಒಂದು ಸಣ್ಣ ಬಟ್ಟೆ ಬ್ರಷ್ಷಿನಲ್ಲಿ ಅಂಟಿಕೊಂಡಿದ್ದ ಒಂದೇ ಒಂದು ಬೀಜ ಅವರ ಕಣ್ಣಿಗೆ ಬಿತ್ತಂತೆ, ಅದನ್ನು ಹಿತ್ತಿಲಲ್ಲಿ ನೆಟ್ಟರಂತೆ. ಮಿಂಚನ್ನು ಗಾಳಿಪಟದಲ್ಲಿ ಹಿಡಿದವರಿಗೆ ಒಂದು ಬೀಜ ಕಾಣದೆ ಹೋದೀತೇ ಎಂದು ಜನ ನಂಬಿದ್ದರೆ ಆಶ್ಚರ್ಯವಿಲ್ಲ. ಕತೆ ಎಷ್ಟು ನಿಜವೋ, 1757ರಲ್ಲಿ ಫ್ರಾಂಕ್ಲಿನ್ ರೋಡ್ ಐಲೆಂಡಿನ ಪರಿಚಿತರೊಬ್ಬರಿಗೆ ಈ ಬೀಜ ಕಳುಹಿಸಿ, ನೆಟ್ಟು ನೋಡಿ ಎಂದು ಪತ್ರ ಬರೆದದ್ದು ಮಾತ್ರ ದಾಖಲೆಯಲ್ಲಿದೆ. 1780ರ ದಶಕದಲ್ಲಿ ಥಾಮಸ್ ಜೆಫರ್ಸನ್ ಬರೆದ ವರ್ಜೀನಿಯ ಕುರಿತ ಪುಸ್ತಕದಲ್ಲಿ, ಅಲ್ಲಿನ ಬೆಳೆಗಳ ಪಟ್ಟಿಯಲ್ಲಿ ಪೊರಕೆ ಜೋಳವೂ ಇದೆ.

ನೆರೆಯವರು ನಕ್ಕ ರೈತ

ಆದರೂ ಆಗಿನ ಅಮೆರಿಕದ ಮನೆ ಗುಡಿಸುತ್ತಿದ್ದುದು ಇದಲ್ಲ. ಬರ್ಚ್ ಮರದ ಕಡ್ಡಿಗಳ ಕಟ್ಟು ಅಥವಾ ಮರದ ಕೊರಡನ್ನು ಎಳೆ ಎಳೆಯಾಗಿ ಸೀಳಿ ಮೂಲನಿವಾಸಿಗಳು ಮಾರುತ್ತಿದ್ದ ಸೀಳು ಪೊರಕೆ, ಎರಡರಲ್ಲೊಂದು ಮನೆಯಲ್ಲಿರುತ್ತಿತ್ತು. ಎರಡೂ ಒರಟು. ದೊಡ್ಡ ಕಸ ಹೋಗುತ್ತಿತ್ತು, ಧೂಳು ಉಳಿಯುತ್ತಿತ್ತು.

ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕನೆಟಿಕಟ್ ನದಿಯ ದಂಡೆಯ ಮೇಲೆ ಹ್ಯಾಡ್ಲಿ ಎಂಬ ಊರಿದೆ. ಪೊರಕೆ ಜೋಳ ಕಸುಬಾದದ್ದು ಅಲ್ಲಿ, 1797ರ ಸುಮಾರಿಗೆ. ಲೆವಿ ಡಿಕಿನ್ಸನ್ ಎಂಬ ರೈತ ಹಿತ್ತಿಲಲ್ಲಿ ಬೆಳೆದ ನಾಲ್ಕು ಗಿಡಗಳಿಂದ ಬೀಜ ಮಾಡಿಕೊಂಡು, ಪೊರಕೆ ಕಟ್ಟಿ ಮಾರತೊಡಗಿದ. ಮೊದಮೊದಲು ತೆನೆಯಿಂದ ಬೀಜವನ್ನು ಚಾಕುವಿನಲ್ಲೇ ಕೆರೆದು ತೆಗೆಯಬೇಕಿತ್ತು. 1798ರಲ್ಲಿ ಆಸುಪಾಸಿನ ಊರುಗಳಿಗೆ ಹೊತ್ತು ಮಾರಿದ. ಮರುವರ್ಷ ಪಿಟ್ಸ್‌ಫೀಲ್ಡ್, ಅದರ ಮರುವರ್ಷ ನ್ಯೂ ಲಂಡನ್. 1805ರ ಹೊತ್ತಿಗೆ ಅವನ ಪೊರಕೆ ಬಾಸ್ಟನ್ ಮತ್ತು ಆಲ್ಬನಿ ನಗರಗಳನ್ನು ಮುಟ್ಟಿತ್ತು.

ಒಂದು ದಿನ ಈ ಸೀಮೆಗೆಲ್ಲ ಪೊರಕೆಯೇ ದೊಡ್ಡ ಉದ್ಯಮವಾಗುತ್ತದೆ ಎಂದು ಡಿಕಿನ್ಸನ್ ಹೇಳುತ್ತಿದ್ದನಂತೆ. ಪೊರಕೆ ಕಟ್ಟುವುದು ಗಂಡಸರ ಕೆಲಸವೇ ಎಂದು ನೆರೆಯವರು ನಗುತ್ತಿದ್ದರಂತೆ. 1850ರ ಗಣತಿ ಯಾರ ಮಾತು ನಿಜ ಎಂಬುದನ್ನು ತೀರ್ಮಾನಿಸಿತು. ಆ ವರ್ಷ ಹ್ಯಾಡ್ಲಿ ಒಂದರಲ್ಲೇ 41 ಪೊರಕೆ ಕಾರ್ಖಾನೆಗಳಿದ್ದವು. ಅವು ಕಟ್ಟಿದ್ದು ಏಳೂವರೆ ಲಕ್ಷಕ್ಕೂ ಹೆಚ್ಚು ಪೊರಕೆಗಳನ್ನು. ಡಿಕಿನ್ಸನ್ 1843ರಲ್ಲಿ ತೀರಿಕೊಂಡಿದ್ದ. ಅಂಕಿಗಳನ್ನು ನೋಡಲು ಇರಲಿಲ್ಲ.

ದುಂಡು ಹೋಗಿ ಚಪ್ಪಟೆ ಬಂತು

ಡಿಕಿನ್ಸನ್ ಕಟ್ಟುತ್ತಿದ್ದುದು ದುಂಡು ಪೊರಕೆ. ಹುಲ್ಲಿನ ಕಂತೆಯನ್ನು ಕೋಲಿಗೆ ಬಿಗಿದ ಹಾಗೆ. ಮಾಟಗಾತಿಯರ ಚಿತ್ರಗಳಲ್ಲಿ ಈಗಲೂ ಕಾಣುವುದು ಅದೇ ಆಕಾರ. ಅದನ್ನು ಚಪ್ಪಟೆ ಮಾಡಿದ ಕೀರ್ತಿ ಶೇಕರ್ ಎಂಬ ಕ್ರೈಸ್ತ ಪಂಥದವರದ್ದು.

ಶೇಕರರು 1774ರಲ್ಲಿ ಇಂಗ್ಲೆಂಡಿನಿಂದ ಬಂದವರು. ಬ್ರಹ್ಮಚರ್ಯ, ಸಾಮೂಹಿಕ ಒಡೆತನ, ದುಡಿಮೆ ಅವರ ವ್ರತ. ಚೊಕ್ಕಟತನವೂ ಅವರಿಗೆ ಪೂಜೆಯಷ್ಟೇ ಮುಖ್ಯ. ಕುರ್ಚಿಗಳನ್ನು ಗೋಡೆಯ ಮರದ ಗೂಟಗಳಿಗೆ ನೇತುಹಾಕಿ ನೆಲ ಗುಡಿಸುತ್ತಿದ್ದರು ಎಂದರೆ ಅವರ ಶಿಸ್ತು ಊಹಿಸಬಹುದು. ನ್ಯೂಯಾರ್ಕ್ ರಾಜ್ಯದ ವಾಟರ್‌ವ್ಲೀಟ್‌ನಲ್ಲಿದ್ದ ಥಿಯೋಡೋರ್ ಬೇಟ್ಸ್ ಎಂಬ ಶೇಕರ್ 1798ರಲ್ಲಿ, ಕೋಲಿಗೆ ಕಟ್ಟಿದ ಕಂತೆಯನ್ನು ಎರಡು ಹಲಗೆಗಳ ನಡುವೆ ಅದುಮಿ, ದಾರದಿಂದ ಅಡ್ಡಡ್ಡ ಹೊಲಿದುಬಿಟ್ಟ ಎಂದು ಪಂಥದ ಇತಿಹಾಸ ಹೇಳುತ್ತದೆ. ಕೇಳಲು ಸಣ್ಣ ಮಾತು. ಪರಿಣಾಮ ಸಣ್ಣದಲ್ಲ. ದುಂಡು ಪೊರಕೆ ಒಂದೆಳೆತಕ್ಕೆ ಅಂಗೈಯಗಲ ಗುಡಿಸಿದರೆ, ಚಪ್ಪಟೆ ಪೊರಕೆ ಒಂದಡಿ ಅಗಲ ಗುಡಿಸುತ್ತದೆ. ಮೂಲೆಗೂ ನುಗ್ಗುತ್ತದೆ.

ಕಟ್ಟುವ ಕ್ರಮ ಆಗಿನಿಂದ ಹೆಚ್ಚು ಬದಲಾಗಿಲ್ಲ. ಕಡ್ಡಿಗಳನ್ನು ಮೊದಲು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡುತ್ತಾರೆ, ಇಲ್ಲದಿದ್ದರೆ ಬಿಗಿಯುವಾಗ ಮುರಿಯುತ್ತವೆ. ಕೋಲನ್ನು ಕಾಲಿನಿಂದ ತುಳಿದು ತಿರುಗಿಸುವ ಒಂದು ರಾಟೆಗೆ ಸಿಕ್ಕಿಸುತ್ತಾರೆ. ಕೋಲಿನ ರಂಧ್ರಕ್ಕೆ ತಂತಿಯ ತುದಿ ಪೋಣಿಸಿ, ಕೋಲು ತಿರುಗಿದಂತೆಲ್ಲ ಒಂದೊಂದು ಹಿಡಿ ಕಡ್ಡಿಯನ್ನು ತಂತಿಯಡಿಗೆ ಕೊಡುತ್ತ ಹೋಗಬೇಕು. ಒಳಗೆ ಒರಟು ಕಡ್ಡಿ. ಎರಡೂ ಮಗ್ಗುಲಿಗೆ ಭುಜದ ಹಾಗೆ ಗಿಡ್ಡ ಕಡ್ಡಿ. ಕೊನೆಗೆ ಹೊರಮೈಗೆ ಉದ್ದನೆಯ, ನಯವಾದ, ಹಸಿರು ಬಣ್ಣ ಉಳಿದ ಕಡ್ಡಿ. ತಂತಿ ಸಡಿಲವಾದರೆ ತಿಂಗಳೊಳಗೆ ಪೊರಕೆಯ ತಲೆ ಅಲ್ಲಾಡುತ್ತದೆ, ಅತಿ ಬಿಗಿಯಾದರೆ ಕಡ್ಡಿ ಕತ್ತರಿಸುತ್ತದೆ. ಎಷ್ಟು ಸಾಕು ಎಂಬುದು ಕೈಗೆ ಗೊತ್ತಾಗಬೇಕು. ನಂತರ ಅದುಮುಹಲಗೆ, ಮೇಣ ಹಚ್ಚಿದ ದಾರ, ಎರಡೂ ತುದಿ ಚೂಪಾದ ಉದ್ದ ಸೂಜಿ, ಅಂಗೈಗೆ ಚರ್ಮದ ಪಟ್ಟಿ. ಆಚೆಗೊಮ್ಮೆ ಈಚೆಗೊಮ್ಮೆ ಚುಚ್ಚಿ ಹೊಲಿದು, ತುದಿ ಸಮನಾಗಿ ಕತ್ತರಿಸಿದರೆ ಕೆಲಸ ಮುಗಿಯಿತು.

ಕಣ್ಣಿಗಿಂತ ಕೈಯೇ ಹೆಚ್ಚು ದುಡಿಯುವ ಈ ಕಸುಬನ್ನು ಅಮೆರಿಕದ ಅಂಧರ ಸಂಸ್ಥೆಗಳೂ ಕಲಿಸಿದವು. 1938ರಲ್ಲಿ ವ್ಯಾಗ್ನರ್–ಓಡೇ ಎಂಬ ಕಾಯ್ದೆ ಬಂದು, ಅಲ್ಲಿನ ಕೇಂದ್ರ ಸರ್ಕಾರದ ಕಚೇರಿಗಳು ತಮಗೆ ಬೇಕಾದ ಪೊರಕೆ ಮತ್ತಿತರ ವಸ್ತುಗಳನ್ನು ಅಂಧರು ದುಡಿಯುವ ಕಾರ್ಯಾಗಾರಗಳಿಂದಲೇ ಕೊಳ್ಳಬೇಕೆಂದು ವಿಧಿಸಿತು. ಪೊರಕೆಯಿಂದ ಎಷ್ಟೋ ಅಂಧರ ಅನ್ನದ ದಾರಿ ಗಟ್ಟಿಯಾಯಿತು.

ಹಿಂದು ಹಿಂದಕ್ಕೆ ನಡೆಯುವ ಕೊಯ್ಲು

ಪೊರಕೆ ಕಟ್ಟುವುದು ಕಷ್ಟ ನಿಜ. ಅದಕ್ಕಿಂತ ಕಷ್ಟ ಪೊರಕೆ ಜೋಳ ಕೊಯ್ಯುವುದು. ಈ ಬೆಳೆಯ ಹಣೆಬರಹವನ್ನು ಬರೆದದ್ದು ಕೊಯ್ಲೇ.

ಚಳಿ ಕಳೆದು ಮಣ್ಣು ಬೆಚ್ಚಗಾದ ಮೇಲೆ, ಮೇ ತಿಂಗಳಿನಲ್ಲಿ ಬಿತ್ತನೆ. ಆಗಸ್ಟ್ ಹೊತ್ತಿಗೆ ಆಳಿನ ತಲೆಗಿಂತ ಎಷ್ಟೋ ಎತ್ತರ ಬೆಳೆದಿರುತ್ತದೆ. ಇದನ್ನು ಪಕ್ವವಾಗುವ ತನಕ ಬಿಡುವಂತಿಲ್ಲ. ನಮ್ಮಲ್ಲಿ ಸೀತನಿ ಸುಡುವ ಹದ ಇರುತ್ತದಲ್ಲ, ಬೀಜದೊಳಗೆ ಇನ್ನೂ ಹಾಲಿರುವ ಹೊತ್ತು, ಆಗಲೇ ಕೊಯ್ಯಬೇಕು. ಕಡ್ಡಿ ಹಸಿರಾಗಿದ್ದು ಬಳುಕುತ್ತದೆ. ಕೆಲವು ದಿನ ತಡವಾದರೂ ಕೆಂಪಾಗಿ ಪಟಪಟನೆ ಮುರಿಯುತ್ತದೆ. ಮಳೆ ಬಿದ್ದರೆ ಕಲೆ ಹಿಡಿದು ಬೆಲೆ ಕಳೆದುಕೊಳ್ಳುತ್ತದೆ. ಹಾಗಾಗಿ ಇಡೀ ಸೀಮೆಗೆ ಸೀಮೆಯೇ ಒಟ್ಟಿಗೆ ಕೊಯ್ಲಿಗೆ ಬರುತ್ತದೆ, ಎಲ್ಲರಿಗೂ ಒಟ್ಟಿಗೆ ಆಳು ಬೇಕು.

ಅಷ್ಟೆತ್ತರದ ತೆನೆಗೆ ಕೈ ಎಟುಕುವುದಿಲ್ಲ. ಅದಕ್ಕೊಂದು ಉಪಾಯ. ಒಬ್ಬ ಆಳು ಎರಡು ಸಾಲುಗಳ ನಡುವೆ ಹಿಂದು ಹಿಂದಕ್ಕೆ ನಡೆಯುತ್ತ, ಎರಡೂ ಕಡೆಯ ದಂಟುಗಳನ್ನು ಸೊಂಟದ ಎತ್ತರದಲ್ಲಿ ಮುರಿದು ಒಂದರ ಮೇಲೊಂದು ಓರೆಯಾಗಿ ಬಾಗಿಸುತ್ತಾನೆ. ಸಾಲಿನುದ್ದಕ್ಕೂ ದಂಟಿನದೇ ಒಂದು ಮೇಜು ಸಿದ್ಧವಾಗುತ್ತದೆ. ಅಲ್ಲಿನ ಭಾಷೆಯಲ್ಲೂ ಇದಕ್ಕೆ ‘ಟೇಬ್ಲಿಂಗ್’ ಎಂದೇ ಹೆಸರು. ಹಿಂದಿನಿಂದ ಬರುವವರು ಒಂದೊಂದೇ ತೆನೆಯನ್ನು ಸಣ್ಣ ಚಾಕುವಿನಿಂದ, ಗೇಣುದ್ದದ ದಂಟು ಬಿಟ್ಟು ಕೊಯ್ದು ಅದೇ ಮೇಜಿನ ಮೇಲೆ ಜೋಡಿಸಿಡುತ್ತಾರೆ. ಆಮೇಲೆ ಬೀಜ ಉದುರಿಸಬೇಕು. ಬಿಸಿಲು ತಾಗದ, ಗಾಳಿಯಾಡುವ ಕೊಟ್ಟಿಗೆಯ ಅಟ್ಟಣಿಗೆಗಳಲ್ಲಿ ಎರಡು ಮೂರು ವಾರ ಒಣಗಿಸಬೇಕು. ಕೊನೆಗೆ ಅದುಮಿ ಮೂಟೆ ಕಟ್ಟಬೇಕು.

ಬೀಜ ಉದುರಿಸಲು ಯಂತ್ರ ಬಂತು, ಮೂಟೆ ಕಟ್ಟಲೂ ಬಂತು. ಕೊಯ್ಯಲು ಮಾತ್ರ ಬರಲಿಲ್ಲ. ಗೋಧಿ ಕೊಯ್ಯುವ ಯಂತ್ರಕ್ಕೆ ಕಾಳು ಸಿಕ್ಕರೆ ಸಾಕು, ದಂಟು ಏನಾದರೂ ಆಗಲಿ. ಇಲ್ಲಿ ದಂಟಿನ ತುದಿಯ ಎಳೆ ಮುರಿಯದೆ, ಸಿಕ್ಕಾಗದೆ, ಒಂದೇ ದಿಕ್ಕಿಗೆ ಮಲಗಿ ಬರಬೇಕು. ಪ್ರಯತ್ನ ನಡೆಯದೇ ಇರಲಿಲ್ಲ, ಆದರೆ ಮನುಷ್ಯರ ಕೈಗೆ ಸಾಟಿಯಾಗಿ ಹೊಲಗಳಲ್ಲಿ ನೆಲೆಯೂರಿದ ಯಂತ್ರ ಒಂದೂ ಇಲ್ಲ.

ಜೋಳದ ರಾಶಿ ಮಾಡಿದವರಿಗೆ ಸುಂಕಿನ ಕಡಿತ ಗೊತ್ತು. ಪೊರಕೆ ಜೋಳದ್ದು ಅದರ ಅಪ್ಪ. ಆಗಸ್ಟಿನ ಸೆಖೆಯಲ್ಲೂ ಆಳುಗಳು ಕತ್ತು ಮುಚ್ಚುವ ಅಂಗಿ, ಮುಂಗೈವರೆಗೆ ತೋಳು ತೊಟ್ಟು ಹೊಲಕ್ಕಿಳಿಯುತ್ತಿದ್ದರು. ಆದರೂ ಬೆವರಿಗೆ ಅಂಟಿದ ಆ ಧೂಳಿನ ನವೆ ರಾತ್ರಿಯಿಡೀ ಬಿಡುತ್ತಿರಲಿಲ್ಲ. ಸುಗ್ಗಿಗೆಂದು ಗೂಡ್ಸ್ ರೈಲು ಹತ್ತಿ ಊರಿಂದೂರಿಗೆ ಬರುತ್ತಿದ್ದ ಈ ಅಲೆಮಾರಿ ಕೂಲಿಗಳಿಗೆ ‘ಬ್ರೂಮ್‌ಕಾರ್ನ್ ಜಾನಿ’ ಎಂಬ ಅಡ್ಡಹೆಸರಿತ್ತು. ಹೆಸರು ಕೇಳಲು ಮೋಜಿನದು. ಕೂಲಿ ಬೇಕಾದಾಗ ಊರಿನವರು ಅವರಿಗೆ ಕಾಯುತ್ತಿದ್ದರು, ಸುಗ್ಗಿ ಮುಗಿದ ಮೇಲೆ ಅವರು ಯಾವಾಗ ಹೊರಡುತ್ತಾರೋ ಎಂದೂ ಕಾಯುತ್ತಿದ್ದರು.

ಕೈ ಅಗ್ಗವಿದ್ದಲ್ಲಿಗೆ ಪಯಣ

ಬೆಳೆ ಒಂದೂರಿನಲ್ಲಿ ನಿಲ್ಲದೆ ಹೋದದ್ದಕ್ಕೆ ಮುಖ್ಯ ಕಾರಣ ಇದೇ. ಕನೆಟಿಕಟ್ ಕಣಿವೆಯ ರೈತರಿಗೆ ಅಷ್ಟೇ ಭೂಮಿಯಲ್ಲಿ ತಂಬಾಕು ಹೆಚ್ಚು ಹಣ ತಂದುಕೊಟ್ಟಿತು. 19ನೇ ಶತಮಾನದ ನಡುವಿನಿಂದ ಹ್ಯಾಡ್ಲಿ ಪೊರಕೆ ಜೋಳ ಬಿಡತೊಡಗಿತು. ನ್ಯೂಯಾರ್ಕಿನ ಮೊಹಾಕ್ ಕಣಿವೆ ಕೆಲಕಾಲ ಬೆಳೆಯಿತು. ಅಂತರ್ಯುದ್ಧದ ನಂತರ ಬೆಳೆ ಇಲಿನಾಯ್ ರಾಜ್ಯದ ಕಪ್ಪುಮಣ್ಣಿನ ಬಯಲಿಗೆ ಬಂತು. 20ನೇ ಶತಮಾನ ಕಾಲಿಡುತ್ತಿದ್ದಂತೆ ಇನ್ನೂ ಪಶ್ಚಿಮಕ್ಕೆ, ಒಕ್ಲಹೋಮಕ್ಕೆ ಹೋಯಿತು. ಇಲಿನಾಯಿನ ಆರ್ಕೋಲ ಮತ್ತು ಒಕ್ಲಹೋಮದ ಲಿಂಡ್ಸೆ, ಎರಡೂ ಪುಟ್ಟ ಊರುಗಳು ತಮ್ಮನ್ನು ‘ಜಗತ್ತಿನ ಪೊರಕೆ ಜೋಳದ ರಾಜಧಾನಿ’ ಎಂದು ಕರೆದುಕೊಂಡವು. ರಾಜಧಾನಿ ಎರಡಾದರೇನು, ರಾಜ್ಯ ಕೈ ತಪ್ಪುವುದು ಇಬ್ಬರಿಗೂ ತಪ್ಪಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ನವೆಯ ಹೊಲಕ್ಕೆ ಬರುವ ಕೂಲಿಗಳು ಅಪರೂಪವಾದರು. ಬಂದವರು ಕೇಳಿದ ಕೂಲಿ ಗಿಟ್ಟುತ್ತಿರಲಿಲ್ಲ. ಅದೇ ಹೊಲದಲ್ಲಿ ಸೋಯಾ ಅವರೆ, ಮೆಕ್ಕೆಜೋಳ ಬಿತ್ತಿದರೆ ಇಬ್ಬರು ಯಂತ್ರದ ಮೇಲೆ ಕುಳಿತು ಕೆಲಸ ಮುಗಿಸುತ್ತಿದ್ದರು. ಮನೆಯೊಳಗೆ ವ್ಯಾಕ್ಯೂಮ್ ಕ್ಲೀನರ್ ಬಂತು, ಪ್ಲಾಸ್ಟಿಕ್ ಪೊರಕೆಯೂ ಬಂತು. ಪೊರಕೆ ಜೋಳ ಗಡಿ ದಾಟಿತು. ಈಗ ಅಮೆರಿಕದಲ್ಲಿ ಕಟ್ಟುವ ಪೊರಕೆಗೂ ಕಡ್ಡಿ ಬರುವುದು ಬಹುಪಾಲು ಮೆಕ್ಸಿಕೋದಿಂದ.

ಕಡ್ಡಿಯ ಹಿಂದೆಯೇ ಸಿದ್ಧ ಪೊರಕೆಯೂ ಬರತೊಡಗಿದಾಗ ಎದ್ದ ಕೂಗೇ 1996ರ ಸುಂಕದ ಆಜ್ಞೆ. ಕಾರ್ಖಾನೆ ಮಾಲೀಕರದ್ದಷ್ಟೇ ಅಲ್ಲ, ಅಂಧರ ಕಾರ್ಯಾಗಾರಗಳ ಕಳವಳವೂ ಆಗ ಚರ್ಚೆಗೆ ಬಂದಿತ್ತು. ಮೆಕ್ಸಿಕೋ ಒಪ್ಪಂದದ ಮಧ್ಯಸ್ಥಿಕೆ ಮಂಡಳಿಗೆ ದೂರು ಕೊಟ್ಟಿತು. 1998ರ ಜನವರಿಯಲ್ಲಿ ತೀರ್ಪು ಅಮೆರಿಕದ ವಿರುದ್ಧ ಬಂತು. ತೀರ್ಪಿನ ತಿರುಳು ಕುತೂಹಲಕಾರಿಯಾಗಿದೆ. ಸ್ವದೇಶಿ ಪೊರಕೆ ಉದ್ಯಮಕ್ಕೆ ಹಾನಿಯಾಗಿದೆ ಎನ್ನುವಾಗ ಜೋಳದ ಪೊರಕೆಯನ್ನಷ್ಟೇ ಲೆಕ್ಕಕ್ಕೆ ಹಿಡಿದು ಪ್ಲಾಸ್ಟಿಕ್ ಪೊರಕೆಯನ್ನು ಬಿಟ್ಟದ್ದೇಕೆ ಎಂಬುದಕ್ಕೆ ಅಮೆರಿಕದ ವ್ಯಾಪಾರ ಆಯೋಗ ಸರಿಯಾದ ಕಾರಣ ಕೊಟ್ಟಿಲ್ಲ ಎಂದಿತು ಮಂಡಳಿ. ಅಂದರೆ ಎರಡು ದೇಶ ಜಗಳವಾಡುತ್ತಿದ್ದ ಅಂಗಳದಲ್ಲಿ ಮೂರನೆಯವನೊಬ್ಬ ಸದ್ದಿಲ್ಲದೆ ನಿಂತಿದ್ದ. 1998ರ ಡಿಸೆಂಬರಿನಲ್ಲಿ ಕ್ಲಿಂಟನ್ ಸರ್ಕಾರ ಹೆಚ್ಚುವರಿ ಸುಂಕ ತೆಗೆದುಹಾಕಿತು. ಸಿಕ್ಕ ಅವಧಿಯಲ್ಲಿ ಉದ್ಯಮ ತನ್ನನ್ನು ತಾನು ಸುಧಾರಿಸಿಕೊಳ್ಳಲು ಸಾಕಷ್ಟು ಶ್ರಮಿಸಲಿಲ್ಲ ಎಂಬುದು ಸರ್ಕಾರ ಕೊಟ್ಟ ಕಾರಣ. ಕೊಯ್ಯಲು ಯಂತ್ರವಿಲ್ಲದ, ಕಟ್ಟಲು ಕೈಯೇ ಬೇಕಾದ ಕಸುಬು ಎರಡು ವರ್ಷದಲ್ಲಿ ಏನು ಸುಧಾರಿಸಬೇಕಿತ್ತು ಎಂಬುದು ಬೇರೆ ಪ್ರಶ್ನೆ.

ಗಡಿಯಾಚೆ, ಮೆಕ್ಸಿಕೋದ ನುವೊ ಲಿಯೋನ್ ರಾಜ್ಯದಲ್ಲಿ ಕಡೆರೆಯ್ಟಾ ಎಂಬ ಊರು ಪೊರಕೆಗೇ ಹೆಸರುವಾಸಿ. ಅಲ್ಲಿಯ ಪೊರಕೆ ಅಗ್ಗವಾಗಿ ಬಂದು ಅಮೆರಿಕದವರ ಕೆಲಸ ಕಸಿಯಿತು ಎಂಬುದು ಆಗಿನ ದೂರಾಗಿತ್ತು. ಆದರೆ ಕಡೆರೆಯ್ಟಾದಿಂದ ಪೊರಕೆಗಳಷ್ಟೇ ಬರಲಿಲ್ಲ, ಜನರೂ ಬಂದರು. ಆರ್ಕೋಲದ ಕಾರ್ಖಾನೆಗಳಿಗೆ ಪೊರಕೆ ಕಟ್ಟಬಲ್ಲ ಕೈಗಳು ಬೇಕಿದ್ದವು. ಆ ವಿದ್ಯೆ ಗೊತ್ತಿದ್ದವರು ಅಲ್ಲಿದ್ದರು. ಒಂದು ಕುಟುಂಬದ ಹಿಂದೆ ಇನ್ನೊಂದು ಬಂದು, ಇಲಿನಾಯಿನ ಬಯಲುಸೀಮೆಯ ಆ ಪುಟ್ಟ ಊರಿನಲ್ಲಿ ಇಂದು ಸ್ಪ್ಯಾನಿಷ್ ಮಾತನಾಡುವ ದೊಡ್ಡ ಸಮುದಾಯವೇ ನೆಲೆಸಿದೆ.

ಆರ್ಕೋಲದಲ್ಲಿ ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಪೊರಕೆ ಜೋಳದ ಜಾತ್ರೆ ನಡೆಯುತ್ತದೆ. 1970ರ ದಶಕದ ಆರಂಭದಲ್ಲಿ ಶುರುವಾದದ್ದು. ಬೆಳೆ ಹೊಲ ಬಿಟ್ಟ ಮೇಲೆ ಹುಟ್ಟಿದ ಜಾತ್ರೆ ಅದು. ಹುಲ್ಲು ಕತ್ತರಿಸುವ ಗಾಡಿ ತಳ್ಳುತ್ತ, ಪೊರಕೆ ತಿರುಗಿಸುತ್ತ ಕವಾಯತು ಮಾಡುವ ಹಾಸ್ಯ ತಂಡ ಅಲ್ಲಿನ ಮೆರವಣಿಗೆಯ ಆಕರ್ಷಣೆ. 2003ರಲ್ಲಿ ಸೆನೆಟ್ ಚುನಾವಣೆಗೆ ಓಡಾಡುತ್ತಿದ್ದ ಬರಾಕ್ ಒಬಾಮ ಈ ತಂಡದ ಜತೆ ಹೆಜ್ಜೆ ಹಾಕಿದ್ದರು. 2009ರಲ್ಲಿ ಅವರು ಅಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸಿದಾಗ ಅದೇ ತಂಡ ವಾಷಿಂಗ್ಟನ್ನಿನ ಮೆರವಣಿಗೆಯಲ್ಲಿ ಪೊರಕೆ ತಿರುಗಿಸಿತು.

ಕೈಕಸುಬಾಗಿ ಇದನ್ನು ಉಳಿಸಿಕೊಂಡವರಲ್ಲಿ ಕೆಂಟಕಿ ರಾಜ್ಯದ ಬರೀಯ ಕಾಲೇಜು ಪ್ರಮುಖ. ಬಡ ಮಕ್ಕಳಿಗೆ ಬೋಧನಾ ಶುಲ್ಕವಿಲ್ಲದೆ ಓದಿಸಿ, ಪ್ರತಿಯೊಬ್ಬರಿಂದಲೂ ಕಾಲೇಜಿನ ಯಾವುದಾದರೊಂದು ಕೆಲಸ ಮಾಡಿಸುವುದು ಅಲ್ಲಿನ ಪದ್ಧತಿ. 1920ರಿಂದ ಅಲ್ಲಿ ಪೊರಕೆ ಕಟ್ಟುವುದೂ ಅಂಥದೊಂದು ಕೆಲಸ. ಪೊರಕೆಗೆ ಹೆಸರಾಗಿದ್ದ ಶೇಕರರು ಬೆರಳೆಣಿಕೆಯಷ್ಟೇ ಉಳಿದಿದ್ದಾರೆ. ಅವರ ಹಳೆಯ ಊರುಗಳು ವಸ್ತುಸಂಗ್ರಹಾಲಯಗಳಾಗಿ, ಪ್ರವಾಸಿಗರ ಎದುರು ಅದೇ ತುಳಿಯುವ ರಾಟೆಯ ಮೇಲೆ ಪೊರಕೆ ಕಟ್ಟಿ ತೋರಿಸುತ್ತವೆ. ಅಂಗಡಿಯ ಪ್ಲಾಸ್ಟಿಕ್ ಪೊರಕೆಗಿಂತ ಹಲವು ಪಟ್ಟು ದುಬಾರಿಯಾದರೂ ಕೊಳ್ಳುವವರಿದ್ದಾರೆ. ಕೊಂಡವರಲ್ಲಿ ಎಷ್ಟು ಜನ ಅದರಿಂದ ಕಸ ಗುಡಿಸುತ್ತಾರೋ, ಎಷ್ಟು ಜನ ಗೋಡೆಗೆ ತೂಗುಹಾಕುತ್ತಾರೋ!

ಇಂಥ ಕುಶಲಕರ್ಮಿಗಳಲ್ಲಿ ಕೆಲವರು ತಮಗೆ ಬೇಕಾದಷ್ಟು ಪೊರಕೆ ಜೋಳವನ್ನು ಹಿತ್ತಿಲಲ್ಲೇ ಬೆಳೆದುಕೊಳ್ಳುತ್ತಾರೆ. ಆಗಸ್ಟ್ ಕೊನೆಗೆ, ಬೀಜದಲ್ಲಿ ಹಾಲಿರುವಾಗಲೇ, ಉದ್ದ ತೋಳಿನ ಅಂಗಿ ತೊಟ್ಟು ಚಾಕು ಹಿಡಿದು ಸಾಲಿಗಿಳಿಯುತ್ತಾರೆ.